ಹಾಯಿದೋಣಿಯ ವೆಂಟಿಲೇಟರ್: ಗಾಳಿ ಬರಬೇಕು, ನೀರು ಬರಬಾರದು

ದಿನಗಟ್ಟಲೆ ಸಮುದ್ರದಲ್ಲಿ ಸಾಗುವ ಹಾಯಿದೋಣಿಯಲ್ಲಿ ಹ್ಯಾಚ್‌ಗಳನ್ನೆಲ್ಲ, ಅಂದರೆ ಡೆಕ್ಕಿನ (ದೋಣಿಯ ಮೇಲ್ಹಾಸಿನ) ಮುಚ್ಚಳ ಬಾಗಿಲುಗಳನ್ನೆಲ್ಲ, ಮುಚ್ಚಿಕೊಂಡು ಕೂತರೆ ಕ್ಯಾಬಿನ್ನು ಬೇಗನೆ ಉಸಿರುಗಟ್ಟುತ್ತದೆ. ಒದ್ದೆ ಬಟ್ಟೆ, ಅಡುಗೆಯ ಆವಿ, ಬಿಲ್ಜಿನ (ದೋಣಿಯ ತಳದಲ್ಲಿ ಕೊಳೆನೀರು ಸೇರುವ ಜಾಗದ) ವಾಸನೆ, ಮಲಗಿದವರ ಬೆವರು ಎಲ್ಲ ಸೇರಿ ನಾಲ್ಕು ದಿನಕ್ಕೆ ಹಾಸಿಗೆಯ ಅಡಿಭಾಗಕ್ಕೆ ಬೂಷ್ಟು ಹತ್ತಿರುತ್ತದೆ. ಆದ್ದರಿಂದ ಹ್ಯಾಚ್ ಮುಚ್ಚಿದ್ದಾಗಲೂ ಗಾಳಿ ಆಡುವಂಥ ದಾರಿಯೊಂದು ಡೆಕ್ಕಿನಲ್ಲಿ ಬೇಕು. ಗಾಳಿಗೆಂದು ಕೊರೆದ ತೂತಿನಲ್ಲಿ ನೀರೂ ಇಳಿಯುತ್ತದೆ ಎಂಬುದೇ ತೊಂದರೆ.

ಇದಕ್ಕೆ ಇವತ್ತಿಗೂ ಒಳ್ಳೆಯ ಉಪಾಯವೆಂದರೆ ಡೊರೇಡ್ ಪೆಟ್ಟಿಗೆ. ಓಲಿನ್ ಸ್ಟೀಫನ್ಸ್ ವಿನ್ಯಾಸ ಮಾಡಿದ ‘ಡೊರೇಡ್’ ಎಂಬ ಹಾಯಿದೋಣಿ 1930ರಲ್ಲಿ ನ್ಯೂಯಾರ್ಕಿನಲ್ಲಿ ನೀರಿಗಿಳಿಯಿತು. 1931ರಲ್ಲಿ ಅಟ್ಲಾಂಟಿಕ್ ದಾಟುವ ಪಂದ್ಯವನ್ನೂ ಇಂಗ್ಲೆಂಡಿನ ಹೆಸರಾಂತ ಫಾಸ್ಟ್‌ನೆಟ್ ಹಾಯಿದೋಣಿ ಪಂದ್ಯವನ್ನೂ ಗೆದ್ದಿತು. ಅದಕ್ಕೆ ಅಳವಡಿಸಿದ ಈ ಪೆಟ್ಟಿಗೆ ಓಲಿನ್ ಅವರ ತಮ್ಮ ರಾಡ್ ಸ್ಟೀಫನ್ಸ್ ಅವರ ಯೋಚನೆ. ಹೆಸರು ಮಾತ್ರ ದೋಣಿಯದೇ ಉಳಿಯಿತು.

ಪೆಟ್ಟಿಗೆಯ ಒಳಗುಟ್ಟು ಸರಳ. ಮುಚ್ಚಳದ ಒಂದು ತುದಿಗೆ ಕೌಲ್, ಅಂದರೆ ಹಳೆಯ ಗ್ರಾಮಫೋನಿನ ಕೊಂಬಿನಂತೆ ಬಾಗಿದ ಅಗಲ ಬಾಯಿ. ಇನ್ನೊಂದು ತುದಿಯಲ್ಲಿ ಡೆಕ್ಕನ್ನು ತೂರಿಕೊಂಡು ಪೆಟ್ಟಿಗೆಯೊಳಗೆ ಎದ್ದು ನಿಂತ ಒಳಕೊಳವೆ. ಕೌಲಿನಿಂದ ಬಂದ ಗಾಳಿ ಪೆಟ್ಟಿಗೆಯಲ್ಲಿ ಅಡ್ಡಡ್ಡ ಸಾಗಿ ಒಳಕೊಳವೆಯ ಬಾಯಿಗೆ ಇಳಿಯುತ್ತದೆ. ನೀರು ಭಾರ, ಅದು ನೇರ ತಳಕ್ಕೆ ಬಿದ್ದು ಪಕ್ಕದ ಕಿಂಡಿಗಳಿಂದ ಡೆಕ್ಕಿಗೆ ಹರಿದುಹೋಗುತ್ತದೆ.

ಪೆಟ್ಟಿಗೆಯ ಮಿತಿ ಎಷ್ಟು?

ಕಟ್ಟುವ ಮೊದಲು ಈ ಲೆಕ್ಕ ನೋಡಿಕೊಳ್ಳಿ. 100 ಮಿ.ಮೀ. ವ್ಯಾಸದ ಕೌಲು 300 ಮಿ.ಮೀ. ನೀರಿನಡಿ ಮುಳುಗಿತು ಎಂದುಕೊಳ್ಳೋಣ. ಆಗ ಅದರಿಂದ ಸೆಕೆಂಡಿಗೆ ಸುಮಾರು 11 ಲೀಟರ್ ನೀರು ಒಳನುಗ್ಗುತ್ತದೆ. ಹೊರಹೋಗಲು 15 ಮಿ.ಮೀ.ಯ ನಾಲ್ಕು ಕಿಂಡಿಗಳಿದ್ದರೆ, ಪೆಟ್ಟಿಗೆಯಲ್ಲಿ 90 ಮಿ.ಮೀ. ನೀರು ನಿಂತಾಗಲೂ ಅವು ಸಾಗಿಸುವುದು ಸೆಕೆಂಡಿಗೆ ಅರ್ಧ ಲೀಟರಿಗಿಂತ ತುಸು ಹೆಚ್ಚು, ಅಷ್ಟೇ. 400 ಮಿ.ಮೀ. ಉದ್ದ, 200 ಮಿ.ಮೀ. ಅಗಲದ ಪೆಟ್ಟಿಗೆಯಲ್ಲಿ 90 ಮಿ.ಮೀ. ಎತ್ತರದ ಒಳಕೊಳವೆಯ ಬಾಯಿವರೆಗೆ ಹಿಡಿಸುವುದು ಆರೂವರೆ ಲೀಟರ್. ಒಂದು ಸೆಕೆಂಡು ತುಂಬುವ ಮೊದಲೇ ನೀರು ಕ್ಯಾಬಿನ್ನಿಗೆ ಸುರಿಯತೊಡಗುತ್ತದೆ.

ಅಂದರೆ ಡೊರೇಡ್ ಪೆಟ್ಟಿಗೆ ಮಳೆ, ತುಂತುರು, ಆಗಾಗ ಎರಚುವ ಅಲೆಯ ಚೂರು, ಇಷ್ಟನ್ನು ತಡೆಯಲು ಹುಟ್ಟಿದ್ದು. ಡೆಕ್ಕಿನ ಮೇಲೆ ಇಡೀ ಅಲೆ ಉರುಳಿ ಬಂದರೆ ಎಷ್ಟೇ ಚೆನ್ನಾಗಿ ಕಟ್ಟಿದ ಪೆಟ್ಟಿಗೆಯೂ ಸೋಲುತ್ತದೆ. ಆಗ ಕಾಯುವುದು ಕೌಲನ್ನು ಬಿಚ್ಚಿ ಅದರ ತೂತಿಗೆ ಬಿಗಿಯುವ ಬಿರಡೆ. ಒಳ್ಳೆಯ ಪೆಟ್ಟಿಗೆಗಳ ಬಗ್ಗೆ ಕೇಳಿಬರುವ ದೂರುಗಳಲ್ಲಿ ಬಹುಪಾಲು, ಮುಚ್ಚಬೇಕಾದ ಹೊತ್ತಿಗೆ ಮುಚ್ಚದೇ ಇದ್ದದ್ದರ ದೂರು.

ಜಾಗ

ದೋಣಿಯ ನಡುಗೆರೆಗೆ ಎಷ್ಟು ಹತ್ತಿರವೋ ಅಷ್ಟು ಒಳ್ಳೆಯದು. ದೋಣಿ ಗಾಳಿಗೆ ಒಂದು ಪಕ್ಕಕ್ಕೆ ವಾಲಿದಾಗ ಕೆಳಗಾಗುವ ಪಕ್ಕದ ಡೆಕ್ಕಿನಂಚು ನೀರಿನಲ್ಲಿ ಅದ್ದಿರುತ್ತದೆ. ಆ ಅಂಚಿಗೆ ಕೂರಿಸಿದ ಪೆಟ್ಟಿಗೆಗೆ ಕೌಲಿನಿಂದಲ್ಲ, ಕಿಂಡಿಗಳಿಂದಲೇ ನೀರು ಹಿಮ್ಮುಖವಾಗಿ ಬರುತ್ತದೆ. ಕ್ಯಾಬಿನ್ ಛಾವಣಿಯ ಮೇಲೆ, ಹಾಯಿಕಂಬದ ಬುಡದ ಆಸುಪಾಸು ಸಾಮಾನ್ಯವಾಗಿ ಸರಿಯಾದ ಜಾಗ. ಮೂತಿಯ (ದೋಣಿಯ ಮುಂತುದಿಯ) ಬಳಿಯ ತಗ್ಗು ಡೆಕ್ಕಿನಲ್ಲಿ ಡೊರೇಡ್ ಪೆಟ್ಟಿಗೆ ಇಡುವುದನ್ನು ನಾವು ಒಪ್ಪುವುದಿಲ್ಲ. ಅಲ್ಲಿಗೆ ಗಟ್ಟಿ ಮುಚ್ಚಳವಿರುವ ಹ್ಯಾಚೇ ವಾಸಿ.

ಪೆಟ್ಟಿಗೆಯ ಉದ್ದ ದೋಣಿಯ ಉದ್ದದ ದಿಕ್ಕಿನಲ್ಲೇ ಇರಲಿ, ಅಡ್ಡಕ್ಕೆ ಬೇಡ. ಕಾರಣ ಇದು: 200 ಮಿ.ಮೀ. ಅಗಲದ ಪೆಟ್ಟಿಗೆ 30 ಡಿಗ್ರಿ ವಾಲಿದೆ, ಕೆಳಪಕ್ಕದ ಕಿಂಡಿ ಕಸ ಕಟ್ಟಿಕೊಂಡಿದೆ ಎಂದುಕೊಳ್ಳಿ. ನೀರು ಮೇಲ್ಪಕ್ಕದ ಕಿಂಡಿಯ ಮಟ್ಟ ಮುಟ್ಟುವತನಕ ಏರುತ್ತ ಹೋಗುತ್ತದೆ. ಆಗ ನಡುವೆ ನಿಂತ 100 ಮಿ.ಮೀ. ಒಳಕೊಳವೆಯ ಕೆಳ ಅಂಚಿನಲ್ಲಿ ನೀರಿನ ಎತ್ತರ ಸುಮಾರು 87 ಮಿ.ಮೀ. ಒಳಕೊಳವೆ 75 ಮಿ.ಮೀ. ಇದ್ದರೆ ನೀರು ಒಳಗೆ, 90 ಇದ್ದರೆ ಕೂದಲೆಳೆಯಲ್ಲಿ ಪಾರು. ಅದೇ ಪೆಟ್ಟಿಗೆಯನ್ನು ಅಡ್ಡ ತಿರುಗಿಸಿ ಕೂರಿಸಿದರೆ ಅಗಲ 400 ಆಗುತ್ತದೆ, ಯಾವ ಎತ್ತರವೂ ಸಾಲುವುದಿಲ್ಲ. ಕಿಂಡಿಗಳು ಎರಡೂ ಪಕ್ಕದಲ್ಲಿ ಇರಬೇಕು, ಸದಾ ತೆರೆದಿರಬೇಕು ಎನ್ನುವುದು ಇದಕ್ಕೇ.

ಅಳತೆ

100 ಮಿ.ಮೀ. ಕೌಲಿಗೆ ಒಳ ಅಳತೆ 400 × 200 × 150 ಮಿ.ಮೀ. ಇಟ್ಟುಕೊಳ್ಳಿ. ಒಳಕೊಳವೆಯ ಎತ್ತರ 90. ಅದರ ಬಾಯಿಗೂ ಮುಚ್ಚಳಕ್ಕೂ ನಡುವೆ 60 ಮಿ.ಮೀ. ಉಳಿಯುತ್ತದೆ. ಗಾಳಿ ಸರಾಗ ಹರಿಯಲು ಈ ಸಂದು ಕೊಳವೆಯ ವ್ಯಾಸದ ಕಾಲುಭಾಗಕ್ಕಿಂತ, ಅಂದರೆ 25 ಮಿ.ಮೀ.ಗಿಂತ ಕಡಿಮೆಯಾಗಕೂಡದು. ಕೊಳವೆ ಎತ್ತರವಾದಷ್ಟೂ ಒಳ್ಳೆಯದೆಂದು ಮುಚ್ಚಳಕ್ಕೆ ತಾಗುವಷ್ಟು ಎತ್ತರಿಸಿ, ಆಮೇಲೆ ಗಾಳಿಯೇ ಬರುವುದಿಲ್ಲ ಎನ್ನುವವರಿದ್ದಾರೆ.

ಕೌಲಿಗೂ ಒಳಕೊಳವೆಗೂ ನಡುವೆ 100 ಮಿ.ಮೀ. ಎತ್ತರದ ಅಡ್ಡಹಲಗೆ ಒಂದಿರಲಿ. ಕೌಲಿನಿಂದ ಬಿದ್ದ ನೀರು ತಳಕ್ಕೆ ಬಡಿದು ಸಿಡಿಯುತ್ತದೆ, ಹಲಗೆ ಆ ಸಿಡಿತವನ್ನು ತಡೆಯುತ್ತದೆ. ಹಲಗೆಯ ಮೇಲೆ ಉಳಿಯುವ 50 × 200 ಮಿ.ಮೀ. ಸಂದು ಕೊಳವೆಯ ಬಾಯಿಗಿಂತ ದೊಡ್ಡದೇ, ಗಾಳಿಗೆ ಅಡ್ಡಿಯಿಲ್ಲ. ಹಲಗೆಯ ಬುಡದ ಎರಡೂ ಮೂಲೆಗೆ 15 ಮಿ.ಮೀ. ಕಚ್ಚು ಕೊಡಿ, ಇಲ್ಲವಾದರೆ ಅದು ಒಡ್ಡಾಗಿ ಅದರ ಹಿಂದೆ ಕೊಳಚೆ ನಿಲ್ಲುತ್ತದೆ.

ಕ್ಯಾಬಿನ್ ಛಾವಣಿ ಸಾಮಾನ್ಯವಾಗಿ ಮೂತಿಯ ಕಡೆಗೆ ಇಳಿಜಾರು. ಹಾಗಿದ್ದರೆ ಕೌಲು ಮುಂತುದಿಯಲ್ಲಿ, ಒಳಕೊಳವೆ ಎತ್ತರವಿರುವ ಹಿಂತುದಿಯಲ್ಲಿ. ಕಿಂಡಿಗಳು ಪಕ್ಕದ ಗೋಡೆಗಳ ಬುಡದಲ್ಲಿ, ಎರಡು ಈ ಕಡೆ, ಎರಡು ಆ ಕಡೆ, ಪ್ರತಿ ಗೋಡೆಯ ಮುಂಚೂಣಿಗೆ ಒಂದು, ಹಿಂದಿನ ಮೂಲೆಗೆ ಒಂದು. ಮುಂದಿನ ಗೋಡೆಯಲ್ಲಿ ಕಿಂಡಿ ಬೇಡವೇ ಬೇಡ, ಡೆಕ್ಕಿನ ಮೇಲೆ ಓಡಿಬರುವ ನೀರಿಗೆ ಅದು ಬಾಗಿಲು ತೆರೆದಿಟ್ಟಂತೆ. ಕಿಂಡಿಯನ್ನು ಗುಂಡನೆ ತೂತಾಗಿ ಮೇಲೆ ಕೊರೆಯದೆ, ಗೋಡೆಯ ಕೆಳ ಅಂಚಿನಿಂದಲೇ ಕಚ್ಚು ಮಾಡಿ. ತಳಕ್ಕಿಂತ 5 ಮಿ.ಮೀ. ಮೇಲಿದ್ದರೂ ಅಷ್ಟು ನೀರು ಶಾಶ್ವತವಾಗಿ ನಿಂತು ಸೊಳ್ಳೆ ಮರಿಮಾಡುತ್ತದೆ. ನೀರು ಬೇಗ ಹೋಗಲೆಂದು 30 ಮಿ.ಮೀ. ಕಿಂಡಿ ಕೊರೆಯುವುದೂ ತಪ್ಪೇ. ದೊಡ್ಡ ಕಿಂಡಿಯಲ್ಲಿ ಬರುವ ನೀರೂ ದೊಡ್ಡದು.

ಒಳಕೊಳವೆ ಕೂರಿಸುವುದು

ಎಲ್ಲಕ್ಕಿಂತ ಹೆಚ್ಚು ನಿಗಾ ಬೇಕಾದ ಕೆಲಸ ಇದು. ಪೆಟ್ಟಿಗೆ ಅಲೆಯ ಹೊಡೆತಕ್ಕೆ ಕಿತ್ತುಹೋದರೂ ಒಳಕೊಳವೆ ನಿಲ್ಲಬೇಕು, ಅದರ ಬಾಯಿಗೆ ಮುಚ್ಚಳ ಹಾಕಲು ಬರಬೇಕು. ಹಾಗಾಗಿ ಕೊಳವೆ ಡೆಕ್ಕಿನ ಅಂಗವೇ ಆಗಿರಲಿ.

ಫೈಬರ್ ಡೆಕ್ಕಿಗೆ ಎಫ್‌ಆರ್‌ಪಿ (ಗಾಜಿನ ನಾರಿನ ಬಟ್ಟೆಗೆ ರೆಸಿನ್ನು ಕುಡಿಸಿ ಮಾಡಿದ) ಕೊಳವೆ ಉತ್ತಮ. ಸುಮಾರು 100 ಮಿ.ಮೀ. ಹೊರವ್ಯಾಸದ ಪ್ಲಾಸ್ಟಿಕ್ ಪೈಪಿನ ತುಂಡೊಂದನ್ನು ಉದ್ದಕ್ಕೆ ಒಂದು ಕಡೆ ಸೀಳಿ, ಮೇಲೆ ಪಾಲಿಥೀನ್ ಹಾಳೆ ಸುತ್ತಿ ಅಚ್ಚು ಮಾಡಿಕೊಳ್ಳಿ. ಅದರ ಮೇಲೆ ಚದರ ಮೀಟರಿಗೆ 300 ಗ್ರಾಂ ತೂಗುವ ಗ್ಲಾಸ್ ಕ್ಲಾತನ್ನು ಎಪಾಕ್ಸಿಯಲ್ಲಿ (ಎರಡು ಭಾಗ ಬೆರೆಸಿದರೆ ಗಟ್ಟಿಯಾಗುವ ಅಂಟುರೆಸಿನ್ನಿನಲ್ಲಿ) ನೆನೆಸಿ 8 ಸುತ್ತು ಬಿಗಿಯಾಗಿ ಸುತ್ತಿ. ಸುಮಾರು 3 ಮಿ.ಮೀ. ದಪ್ಪ ಬರುತ್ತದೆ. ಗಟ್ಟಿಯಾದ ಮೇಲೆ ಸೀಳಿನ ಜಾಗದಲ್ಲಿ ಪೈಪನ್ನು ಒಳಕ್ಕೆ ಮಡಚಿದರೆ ಅಚ್ಚು ಕಳಚಿ ಬರುತ್ತದೆ. ಸೀಳದೆ ಸುತ್ತಿದರೆ ಆಮೇಲೆ ಸುತ್ತಿಗೆ ಹಿಡಿದು ಒದ್ದಾಡಬೇಕಾಗುತ್ತದೆ. ಮಲ್ಪೆ, ಮಂಗಳೂರಿನ ಕಡೆ ಎಫ್‌ಆರ್‌ಪಿ ಮೀನುದೋಣಿ ಕಟ್ಟುವವರಿಗೆ ಈ ಕೆಲಸ ನೀರು ಕುಡಿದಷ್ಟು ಸುಲಭ. ಆದರೆ ದೋಣಿ ಕಟ್ಟುವ ಮಾಮೂಲಿ ಪಾಲಿಯೆಸ್ಟರ್ ರೆಸಿನ್ನು ಮರಕ್ಕೂ ಹಳೆಯ ಫೈಬರಿಗೂ ಎಪಾಕ್ಸಿಯಷ್ಟು ಕಚ್ಚಿಕೊಳ್ಳುವುದಿಲ್ಲ. ಈ ಒಂದು ಜಾಗಕ್ಕೆ ಎಪಾಕ್ಸಿಯನ್ನೇ ಹಿಡಿಯಿರಿ.

ಡೆಕ್ಕು ಕೊರೆಯುವ ಮುಂಚೆ ಒಳಗಿನಿಂದ ನೋಡಿ: ಅಡ್ಡತೊಲೆ, ವಯರು, ಛಾವಣಿಯ ಒಳಹೊದಿಕೆಯ ಪಟ್ಟಿ ಏನಿದೆ ಎಂದು. ಹಲವು ದೋಣಿಗಳ ಡೆಕ್ಕು ಎರಡು ಫೈಬರ್ ಪದರಗಳ ನಡುವೆ ಬಾಲ್ಸಾ ಮರ ತುಂಬಿದ್ದು. ಕೊರೆದ ತೂತಿನ ಅಂಚಿನಲ್ಲಿ ಆ ಮರ ಬೆತ್ತಲಾಗಿ ಉಳಿದರೆ, ಇವತ್ತಲ್ಲ ನಾಳೆ ನೀರು ಹೀರಿ ಕೊಳೆಯುತ್ತ ಹೋಗುತ್ತದೆ. ಕ್ಯಾಬಿನ್ನಿಗೆ ಒಂದು ಹನಿ ಬೀಳದಿದ್ದರೂ ಡೆಕ್ಕು ಮೆತ್ತಗಾಗುವುದು ಹೀಗೆಯೇ. ಹೋಲ್ ಸಾ (ಡ್ರಿಲ್ಲಿಗೆ ಸಿಕ್ಕಿಸುವ ಗುಂಡು ಗರಗಸ) ಹಾಕಿ ತೂತು ತೆಗೆದ ಮೇಲೆ, ಬಗ್ಗಿಸಿದ ಮೊಳೆಯನ್ನು ಡ್ರಿಲ್ಲಿಗೆ ಸಿಕ್ಕಿಸಿ ಪದರಗಳ ನಡುವಿನ ಮರವನ್ನು ಸುತ್ತಲೂ 12–15 ಮಿ.ಮೀ. ಆಳಕ್ಕೆ ಕೆರೆದು ತೆಗೆಯಿರಿ. ಒಳಗಿನ ಮರ ಬಿಳಿಯಾಗಿ ಒಣಗಿರಬೇಕು. ಕಪ್ಪಗಿದ್ದು ಹುಳಿವಾಸನೆ ಬಂದರೆ ಅಲ್ಲಿಗೇ ನಿಲ್ಲಿಸಿ, ಕೊಳೆತದ್ದನ್ನು ಪೂರ್ತಿ ತೆಗೆದು ಒಣಗಿಸದೆ ಮುಂದೆ ಹೋಗಬೇಡಿ. ಒಣ ಮರಕ್ಕೆ ಮೊದಲು ತೆಳು ಎಪಾಕ್ಸಿ ಬಳಿದು ಕುಡಿಸಿ, ಆಮೇಲೆ ಸಿಲಿಕಾ ಪುಡಿ ಬೆರೆಸಿ ಬೆಣ್ಣೆಯ ಹದಕ್ಕೆ ತಂದ ಎಪಾಕ್ಸಿಯನ್ನು ಸಂದಿಗೆ ಒತ್ತಿ ತುಂಬಿ. ಗಟ್ಟಿಯಾದ ಮೇಲೆ ತೂತನ್ನು ಕೊಳವೆಯ ಅಳತೆಗೆ ಉಜ್ಜಿ ಸರಿಮಾಡಿ.

ಕೊಳವೆ ಒಳಹೊದಿಕೆಯ ಕೆಳ ಅಂಚಿನಿಂದ ಡೆಕ್ಕಿನ ಮೇಲೆ 90 ಮಿ.ಮೀ.ವರೆಗೆ ಬರುವಷ್ಟು ಉದ್ದವಿರಲಿ. ಸುತ್ತಲಿನ ಡೆಕ್ಕಿನ ಬಣ್ಣ, ಜೆಲ್‌ಕೋಟು (ಫೈಬರಿನ ಹೊರಗಿನ ನುಣುಪು ಪದರ) ಕೆರೆದು ಬರಿಯ ಫೈಬರಿಗೆ ತಂದು, ಮೇಲೆ ಕೆಳಗೆ ಎರಡೂ ಕಡೆ ಕೊಳವೆಯೂ ಡೆಕ್ಕೂ ಸೇರುವ ಮೂಲೆಯನ್ನು ಗಟ್ಟಿ ಎಪಾಕ್ಸಿಯಿಂದ ಬಾಗಿದಂತೆ ತುಂಬಿ, ಮೇಲ್ಗಡೆ ಎರಡು ಪದರ ಗ್ಲಾಸ್ ಕ್ಲಾತ್ ಹೊದಿಸಿ. ಇಲ್ಲಿ ಸೀಲಂಟೇ ಇಲ್ಲ, ಆದ್ದರಿಂದ ಹತ್ತು ವರ್ಷದ ಮೇಲೆ ಸೀಲಂಟ್ ಸೋರಿತೆಂಬ ಮಾತೂ ಇಲ್ಲ.

ಪೆಟ್ಟಿಗೆ

12 ಮಿ.ಮೀ. ಮರೀನ್ ಪ್ಲೈವುಡ್ ಸಾಕು, ತೇಗ ಚಂದ. ಪೆಟ್ಟಿಗೆಗೆ ಬೇರೆ ತಳ ಹಾಕಬೇಡಿ, ಡೆಕ್ಕೇ ತಳ. ಛಾವಣಿಯ ಉಬ್ಬಿಗೆ ಹೊಂದುವಂತೆ ಗೋಡೆಗಳ ಕೆಳ ಅಂಚನ್ನು ಕತ್ತರಿಸಬೇಕು: ಹಲಗೆಯನ್ನು ಜಾಗದಲ್ಲಿ ನೆಟ್ಟಗೆ ನಿಲ್ಲಿಸಿ, ಸಣ್ಣ ಮರದ ತುಂಡಿನ ಮೇಲೆ ಪೆನ್ಸಿಲಿಟ್ಟು ಡೆಕ್ಕಿನುದ್ದಕ್ಕೂ ಎಳೆದರೆ ಗೆರೆ ತಾನಾಗಿ ಬೀಳುತ್ತದೆ. ಒಳಮೈಗೆ ಮೂರು ಕೋಟು ಎಪಾಕ್ಸಿ, ಅದರ ಮೇಲೆ ಬಿಳಿ ಬಣ್ಣ. ಪಾರದರ್ಶಕ ಮುಚ್ಚಳವಿದ್ದರೆ ಬಿಸಿಲು ಒಳಗೂ ಬೀಳುತ್ತದೆ, ಬರಿಯ ಎಪಾಕ್ಸಿ ಬಿಸಿಲಿಗೆ ತಡೆಯುವುದಿಲ್ಲ.

ಕೂರಿಸುವುದಕ್ಕೆ ಡೆಕ್ಕಿಗೆ ಒಂದು ಸ್ಕ್ರೂ ಕೂಡ ಹೊಡೆಯಬೇಕಾಗಿಲ್ಲ. 20 × 20 ಮಿ.ಮೀ. ಮರದ ಪಟ್ಟಿಗಳನ್ನು ಪೆಟ್ಟಿಗೆಯ ಒಳ ಅಳತೆಗೆ ಸರಿಯಾಗಿ ಡೆಕ್ಕಿಗೆ ಎಪಾಕ್ಸಿಯಲ್ಲಿ ಅಂಟಿಸಿ, ಕಿಂಡಿಗಳ ಎದುರು ಪಟ್ಟಿಯನ್ನು ಬಿಡಿಸಿಡಿ. ಪೆಟ್ಟಿಗೆಯನ್ನು ಮೇಲಿಂದ ಇಳಿಸಿ ಪಕ್ಕದಿಂದ ಸ್ಟೇನ್‌ಲೆಸ್ ಸ್ಕ್ರೂ ಬಿಗಿಯಿರಿ. ಬಣ್ಣ ಬಳಿಯಲು, ಕೊಳೆ ತೆಗೆಯಲು ಬಿಚ್ಚುವುದೂ ಸುಲಭ. ಗೋಡೆಗೂ ಡೆಕ್ಕಿಗೂ ನಡುವೆ ಒಂದೆಳೆ ಬ್ಯುಟೈಲ್ ಟೇಪ್ (ಮೆತ್ತನೆಯ ರಬ್ಬರಿನಂಥ ಅಂಟುಪಟ್ಟಿ) ಸಾಕು. ಒಳಗೆ ನೀರು ಬರುವುದು ಗೊತ್ತಿದ್ದೇ ಕಟ್ಟಿದ ಪೆಟ್ಟಿಗೆಗೆ ಟ್ಯೂಬುಗಟ್ಟಲೆ ಸೀಲಂಟ್ ಸುರಿಯುವುದೇಕೆ? ಹಾಗೆ ಸುರಿದದ್ದು ಹೆಚ್ಚಾಗಿ ಕಿಂಡಿಯನ್ನೇ ಮುಚ್ಚಿರುತ್ತದೆ.

ಮುಚ್ಚಳಕ್ಕೆ 10 ಮಿ.ಮೀ. ಅಕ್ರಿಲಿಕ್ ಹಾಕಿದರೆ ಕ್ಯಾಬಿನ್ನಿಗೆ ಬೆಳಕೂ ಬರುತ್ತದೆ, ಪೆಟ್ಟಿಗೆಯಲ್ಲಿ ಏನು ಸೇರಿದೆ ಎಂದೂ ಕಾಣುತ್ತದೆ. ಅಕ್ರಿಲಿಕ್ ಬಿಸಿಲಿಗೆ ಮರಕ್ಕಿಂತ ಹೆಚ್ಚು ಹಿಗ್ಗುತ್ತದೆ. ಸ್ಕ್ರೂ ತೂತನ್ನು ಸ್ಕ್ರೂವಿಗಿಂತ 2 ಮಿ.ಮೀ. ದೊಡ್ಡದಾಗಿ ಕೊರೆದು, ಚಪ್ಪಟೆ ತಳದ ತಲೆಯ ಸ್ಕ್ರೂಗೆ ವಾಷರ್ ಕೊಟ್ಟು ಹದವಾಗಿ ಬಿಗಿಯಿರಿ. ತಲೆ ಒಳಗೆ ಹೂತುಹೋಗುವ ಮೊನಚು ಸ್ಕ್ರೂ ಹಾಕಿದರೆ ಅಲ್ಲಿಂದಲೇ ಬಿರುಕು. ಇಲ್ಲಿ ಪಾಲಿಸಲ್ಫೈಡ್ ಸೀಲಂಟ್ ಬೇಡ, ಅದು ಅಕ್ರಿಲಿಕ್ಕನ್ನು ತಿನ್ನುತ್ತದೆ. ಬ್ಯುಟೈಲ್ ಟೇಪ್ ಅಥವಾ ನ್ಯೂಟ್ರಲ್ ಸಿಲಿಕೋನ್ ಹಾಕಿ. ಒರೆಸಲು ಅಸಿಟೋನ್, ಥಿನ್ನರ್ ಹತ್ತಿರವೂ ತರಬೇಡಿ, ಕೂದಲಿನಂಥ ಬಿರುಕುಗಳು ಮೂಡುತ್ತವೆ. ಸೋಪುನೀರೇ ಸಾಕು.

ಮುಚ್ಚಳದಲ್ಲಿ ಕೌಲಿಗೆ ಎರಡು ಜಾಗ ಮಾಡಿಟ್ಟರೆ ಅನುಕೂಲ: ಒಂದು ಮುಂತುದಿಯಲ್ಲಿ, ಇನ್ನೊಂದು ಒಳಕೊಳವೆಯ ನೇರ ಮೇಲೆ. ಲಂಗರು ಹಾಕಿ ನಿಂತಾಗ ಕೌಲನ್ನು ನೇರ ಜಾಗಕ್ಕೆ ತಿರುಗಿಸಿ ಕೂರಿಸಿದರೆ ಗಾಳಿ ಧಾರಾಳ. ಹೊರಡುವಾಗ ಮುಂತುದಿಗೆ ಬದಲಿಸಿ, ನೇರ ಜಾಗಕ್ಕೆ ಬಿರಡೆ ಬಿಗಿಯಬೇಕು. ಬಿರಡೆಯ, ಕೌಲಿನ ತಿರುಪಿನ ಎಳೆಗಳಿಗೆ ಸಿಲಿಕೋನ್ ಗ್ರೀಸ್ ಸವರಿ. ಉಪ್ಪು ಕೂತು ಕಚ್ಚಿಕೊಂಡ ಬಿರಡೆ ಬೇಕಾದಾಗ ಬಿಚ್ಚುವುದೂ ಇಲ್ಲ, ಕೂರುವುದೂ ಇಲ್ಲ.

ಕೌಲಿನ ಸುತ್ತ 25 ಮಿ.ಮೀ. ಸ್ಟೇನ್‌ಲೆಸ್ ಪೈಪಿನ ಕಾವಲು ಕಂಬಿ ಇಲ್ಲದಿದ್ದರೆ ಮುಂಹಾಯಿಯ ಹಗ್ಗ ಸಿಕ್ಕಿಕೊಂಡು ಕೌಲನ್ನು ಕಿತ್ತು ಸಮುದ್ರಕ್ಕೆಸೆಯುತ್ತದೆ. ಉಳಿಯುವುದು 100 ಮಿ.ಮೀ. ಬೋಳು ತೂತು. ಕಂಬಿಯ ಬುಡದ ಬೋಲ್ಟುಗಳಿಗೂ ಮೇಲೆ ಹೇಳಿದ ಬಾಲ್ಸಾ ಉಪಚಾರ ಬೇಕು. ಬೋಲ್ಟು ತೂತಿನ ಬಾಯಿಯನ್ನು ತುಸು ಇಳಿಜಾರಾಗಿ ಕೆರೆದು, ಅಲ್ಲಿ ಬ್ಯುಟೈಲಿನ ಉಂಗುರ ಕೂರುವಂತೆ ಮಾಡಿ. ಬಿಗಿಯುವಾಗ ಬೋಲ್ಟನ್ನು ಅಲುಗಿಸದೆ ಕೆಳಗಿನ ನಟ್ಟನ್ನು ಮಾತ್ರ ತಿರುಗಿಸಿ, ಎರಡು ಮೂರು ದಿನ ಸ್ವಲ್ಪ ಸ್ವಲ್ಪವೇ.

ಮುಚ್ಚುವ ಕ್ರಮ

ಹವೆಯ ಮೇಲೆ ಮೂರು ಹಂತ ಇಟ್ಟುಕೊಳ್ಳಿ. ಸಾಧಾರಣ ತುಂತುರಿಗೆ ಮುಂದಿನ ಕೌಲುಗಳ ಬಾಯಿಯನ್ನು ಹಿಂದಕ್ಕೆ ತಿರುಗಿಸಿದರೆ ಸಾಕು. ಆಗಲೂ ಅವು ಗಾಳಿಯನ್ನು ಹೊರಕ್ಕೆ ಸೆಳೆಯುತ್ತಿರುತ್ತವೆ. ಮೂತಿಯ ಮೇಲೆ ನೀರು ಏರಿ ಬರತೊಡಗಿದ ಕೂಡಲೇ ಮುಂದಿನ ಕೌಲುಗಳನ್ನು ಬಿಚ್ಚಿ ಬಿರಡೆ ಬಿಗಿಯಿರಿ. ಮುಂದೆ ಹೋಗುವುದೇ ಅಪಾಯವೆನಿಸುವಷ್ಟು ಕೆಡುವ ಮೊದಲೇ ಇದು ಮುಗಿದಿರಬೇಕು, ಬಂದರು ಬಿಡುವಾಗಲೇ ಆದರೆ ಇನ್ನೂ ಒಳ್ಳೆಯದು. ಬಿರುಗಾಳಿಯ ಸೂಚನೆಯಿದ್ದರೆ ಹಿಂದಿನವನ್ನೂ ಮುಚ್ಚಿ, ಕ್ಯಾಬಿನ್ನಿನ ಒಳಗಿನಿಂದ ಒಳಕೊಳವೆಯ ಕೆಳಬಾಯಿಗೂ ತಿರುಪು ಮುಚ್ಚಳ ಹಾಕಿ. ಈ ಒಳಮುಚ್ಚಳವನ್ನು ಬೇಡವೆಂದು ಬಿಡುವವರೇ ಹೆಚ್ಚು. ಆದರೆ ಮೇಲಿನ ಪೆಟ್ಟಿಗೆ ಒಡೆದರೂ ಕಾಯುವುದು ಇದೊಂದೇ, ಡೆಕ್ಕಿಗೆ ಹೋಗದೆ ಹಾಕಬಹುದಾದದ್ದೂ ಇದೊಂದೇ. ಪ್ರತಿ ಬಿರಡೆಗೂ ದಾರ ಕಟ್ಟಿ ಆಯಾ ಜಾಗದ ಬಳಿಯೇ ನೇತುಹಾಕಿ.

ಎಲ್ಲ ಮುಚ್ಚಿದ ಮೇಲೆ ಒಲೆ, ಹೀಟರ್ ಹಚ್ಚಬೇಡಿ. ಉರಿಯಿಂದ ಹುಟ್ಟುವ ವಿಷಾನಿಲವಾದ ಇಂಗಾಲದ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅಡುಗೆ ಆಗಲೇಬೇಕಾದರೆ ಮೆಟ್ಟಿಲ ಬಾಗಿಲಿನ ಮೇಲಿನ ಹಲಗೆಯನ್ನಾದರೂ ತೆಗೆದಿಡಿ. ಎಲ್‌ಪಿಜಿ ಸೋರಿದ್ದರೆ ಅದು ಗಾಳಿಗಿಂತ ಭಾರವಾದ್ದರಿಂದ ಬಿಲ್ಜಿಗೆ ಇಳಿಯುತ್ತದೆ, ಛಾವಣಿಯ ವೆಂಟಿಲೇಟರು ಅದನ್ನು ಹೊರಹಾಕುವುದಿಲ್ಲ.

ಹನಿ ಬಿದ್ದರೆ ಎಲ್ಲಿಂದ?

ಮೊದಲು ನಾಲಿಗೆಗೆ ಹಚ್ಚಿ ನೋಡಿ. ಉಪ್ಪಿದ್ದರೆ ಸಮುದ್ರದ್ದು. ಸಪ್ಪೆಯಿದ್ದರೆ ಮಳೆಯದು ಅಥವಾ ಬೆವರಿದ್ದು. ಬೆಳಗಿನ ಜಾವ ಮಾತ್ರ ಹನಿ ಕಂಡು ಬಿಸಿಲೇರಿದ ಮೇಲೆ ಮಾಯವಾದರೆ ಅದು ಒಳಗಿನ ತೇವದ ಗಾಳಿ ತಣ್ಣನೆಯ ಕೊಳವೆಗೆ ತಗಲಿ ಬೆವರಿದ್ದು. ಲೋಹದ ಕೊಳವೆಯಲ್ಲಿ ಇದು ಜಾಸ್ತಿ.

ಸೋರಿಕೆಯೇ ಎನಿಸಿದರೆ ಕೊಳವೆಯ ಕೆಳಗೂ ಸುತ್ತಲಿನ ಒಳಹೊದಿಕೆಗೂ ಒಣ ಟಿಶ್ಯೂ ಕಾಗದ ಅಂಟಿಸಿ. ಕೌಲಿಗೆ ಬಿರಡೆ ಹಾಕಿ ಪೆಟ್ಟಿಗೆಯ ಹೊರಗೆ ಹತ್ತು ನಿಮಿಷ ಪೈಪಿನಿಂದ ನೀರು ಬಿಡಿ, ಒತ್ತಡವಿಲ್ಲದೆ, ಕೆಳಗಿನಿಂದ ಮೇಲಕ್ಕೆ. ಕಾಗದ ಒಣಗಿಯೇ ಇದ್ದರೆ ಕಿಂಡಿಗಳನ್ನು ಒದ್ದೆ ಬಟ್ಟೆಯಿಂದ ಬಿಗಿದು, ಪೆಟ್ಟಿಗೆಯಲ್ಲಿ 80 ಮಿ.ಮೀ. ನೀರು ನಿಲ್ಲಿಸಿ ಅರ್ಧ ಗಂಟೆ ಬಿಡಿ, ನೀರಿಗೆ ತಿಂಡಿಯ ಬಣ್ಣ ನಾಲ್ಕು ಹನಿ ಬೆರೆಸಿ. ಬಣ್ಣದ ಕಲೆ ಒಳಹೊದಿಕೆಯ ಮೇಲೆ ಬಂದರೆ ಕೊಳವೆಯ ಬುಡ ಸೋರುತ್ತಿದೆ. ಬಟ್ಟೆ ಕಿತ್ತ ಮೇಲೆ ಅರ್ಧ ನಿಮಿಷದೊಳಗೆ ಪೆಟ್ಟಿಗೆ ಖಾಲಿಯಾಗಬೇಕು, ಆಗದಿದ್ದರೆ ಕಿಂಡಿಯಲ್ಲಿ ಏನೋ ಕೂತಿದೆ. ಇವೆರಡೂ ಸರಿಯಿದ್ದು ಸಮುದ್ರದಲ್ಲಿ ಮಾತ್ರ ನೀರು ಬರುತ್ತಿದ್ದರೆ ಪೆಟ್ಟಿಗೆಯದೇನೂ ತಪ್ಪಿಲ್ಲ, ನೀವು ಮುಚ್ಚುವುದು ತಡವಾಗುತ್ತಿದೆ.

ಬೇರೆ ಬಗೆಯ ವೆಂಟಿಲೇಟರುಗಳ ಬಗ್ಗೆ ಎರಡು ಮಾತು. ಅಣಬೆಯಾಕಾರದವು ಒಳಗಿನಿಂದ ತಿರುಪಿ ಮುಚ್ಚುವಂಥವಾದರೆ ಶೌಚಾಲಯಕ್ಕೆ ಸಾಕು, ರಬ್ಬರ್ ವಾಷರ್ ಬಿರುಕುಬಿಟ್ಟಿದೆಯೇ ನೋಡುತ್ತಿರಿ. ಚಿಪ್ಪಿನಾಕಾರದವಕ್ಕೆ ಅಡ್ಡಹಲಗೆಯೂ ಇಲ್ಲ, ಕಿಂಡಿಯೂ ಇಲ್ಲ. ಎಂಜಿನ್ ಕೋಣೆಗೆ ಅವನ್ನು ಹಾಕಿದ್ದರೆ ಬಾಯಿ ಹಿಂದಕ್ಕಿರಲಿ, ಒಳಗಿನ ಹೋಸನ್ನು ಡೆಕ್ಕಿನಡಿಗೆ ತಾಗುವಷ್ಟು ಮೇಲಕ್ಕೆ ಸುತ್ತಿಸಿ ಆಮೇಲೆ ಇಳಿಸಿ. ಸೋಲಾರ್ ಫ್ಯಾನಿನವು ಮರಿನಾದಲ್ಲಿ ನಿಂತ ದೋಣಿಗೆ ಒಳ್ಳೆಯವು, ಅಲೆಯೇರುವ ಡೆಕ್ಕಿಗೆ ಅಲ್ಲ.

ಸೊಳ್ಳೆಪರದೆಯನ್ನು ಕೌಲಿನ ಬಾಯಿಗೆ ಕಟ್ಟಬೇಡಿ. ಉಪ್ಪು ಕಟ್ಟಿ ಗಾಳಿ ನಿಂತೇ ಹೋಗುತ್ತದೆ. ಒಳಕೊಳವೆಯ ಕೆಳತುದಿಗೆ, ಕೊಳವೆಗಿಂತ ಅಗಲದ ಚೌಕಟ್ಟಿನಲ್ಲಿ, ತೆಗೆದು ತೊಳೆಯುವಂತೆ ಹಾಕಿ. ಪೆಟ್ಟಿಗೆಯ ಒಳಗನ್ನು ಪ್ರತಿ ಪ್ರಯಾಣದ ಕೊನೆಗೆ ಸಿಹಿನೀರಿನಿಂದ ತೊಳೆಯಬೇಕು, ಉಳಿದ ಉಪ್ಪು ಗಾಳಿಯ ತೇವವನ್ನು ಎಳೆದುಕೊಂಡು ಯಾವಾಗಲೂ ಜಿನುಗುತ್ತಿರುತ್ತದೆ. ಗೋವಾದಲ್ಲೋ ಕೊಚ್ಚಿಯಲ್ಲೋ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೋಣಿ ನಿಲ್ಲಿಸಿ ಹೋಗುವವರು ಕೌಲುಗಳನ್ನು ಮಳೆಗಾಳಿ ಬೀಸುವ ದಿಕ್ಕಿಗೆ ಬೆನ್ನುಮಾಡಿ ತೆರೆದೇ ಇಡಿ, ಎಲ್ಲ ಮುಚ್ಚಿದ ದೋಣಿ ಮಳೆಗಿಂತ ಬೂಷ್ಟಿಗೆ ಹೆಚ್ಚು ಹಾಳಾಗುತ್ತದೆ. ನೋಡಿಕೊಳ್ಳಲು ಬರುವವರಿಗೆ ಒಂದು ತುಂಡು ತಂತಿ ಕೊಟ್ಟು, ಬಂದಾಗಲೆಲ್ಲ ನಾಲ್ಕೂ ಕಿಂಡಿಗೆ ಅದನ್ನು ಆಡಿಸುವಂತೆ ಹೇಳಿ. 15 ಮಿ.ಮೀ.ಯ ತೂತು ಮಣ್ಣಿನ ಗೂಡು ಕಟ್ಟುವ ಕಣಜಕ್ಕೆ ಹೇಳಿ ಮಾಡಿಸಿದ ಅಳತೆ.